ಮಗಳ ಮೈಕೂದಲು, ಮನೆಯ ತೀರ್ಮಾನ

ಹುಡುಗಿಯ ಮೈಮೇಲಿನ ಕೂದಲು ಕಪ್ಪಾಗತೊಡಗುವುದು ಹೆಚ್ಚಾಗಿ ಅವಳು ಮೈನೆರೆಯುವುದಕ್ಕೂ ಮುಂಚೆ. ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಆರೆಂಟು ವರ್ಷದ ಹೊತ್ತಿಗೆ ಆಂಡ್ರೋಜನ್ ಗುಂಪಿನ ಹಾರ್ಮೋನುಗಳನ್ನು ಹೆಚ್ಚಾಗಿ ಸ್ರವಿಸಲು ತೊಡಗುತ್ತವೆ. ಮುಂದೆ ಅಂಡಾಶಯಗಳೂ ಜೊತೆಗೂಡುತ್ತವೆ. ಅದುವರೆಗೆ ಕಣ್ಣಿಗೆ ಬೀಳದಷ್ಟು ನವಿರಾಗಿದ್ದ ರೋಮ ಕಂಕುಳಲ್ಲಿ, ಜನನಾಂಗದ ಸುತ್ತ ದಪ್ಪಗಾಗಿ ಬಣ್ಣ ಕಟ್ಟಿಕೊಳ್ಳುತ್ತದೆ. ಕೈಕಾಲುಗಳ ಮೇಲೆ, ಮೇಲ್ದುಟಿಯ ಅಂಚಿನಲ್ಲಿ, ಕೆನ್ನೆಯ ಬದಿಯಲ್ಲಿ ಅಷ್ಟಿಷ್ಟು ಎದ್ದು ಕಾಣುತ್ತದೆ. 8ರಿಂದ 13 ವರ್ಷದೊಳಗೆ ಇದು ಶುರುವಾಗುವುದು ಸಹಜ. ಅಂದರೆ, ಈ ಕೂದಲನ್ನು ಏನು ಮಾಡುವುದು ಎಂಬ ಪ್ರಶ್ನೆ ಎದುರಾದಾಗ ಎಷ್ಟೋ ಹುಡುಗಿಯರು ಇನ್ನೂ ಐದನೆಯದೋ ಆರನೆಯದೋ ತರಗತಿಯಲ್ಲಿರುತ್ತಾರೆ. ಕೈಯಲ್ಲಿ ದುಡ್ಡಿಲ್ಲ, ಒಬ್ಬರೇ ಪಾರ್ಲರಿಗೆ ಹೋಗುವ ವಯಸ್ಸಲ್ಲ, ಕೇಳಲು ನಾಚಿಕೆ. ವಿಜ್ಞಾನದ ಪುಸ್ತಕ ಹದಿಹರೆಯದಲ್ಲಿ ಕೂದಲು ಬೆಳೆಯುತ್ತದೆ ಎಂದು ಹೇಳಿ ಮುಂದಿನ ವಿಷಯಕ್ಕೆ ಹೋಗುತ್ತದೆ. ಹಾಗಾಗಿ ತೀರ್ಮಾನ ಮನೆಯದಾಗುತ್ತದೆ, ಮನೆಯಲ್ಲೂ ಹೆಚ್ಚಾಗಿ ತಾಯಿಯದು.

ಕರ್ನಾಟಕದ ಮನೆಗಳಲ್ಲಿ ಈ ತೀರ್ಮಾನಕ್ಕೆ ಹದಿಹರೆಯಕ್ಕಿಂತ ಬಹಳ ಹಿಂದಿನ ಬೇರಿದೆ. ಬಾಣಂತಿಯ ಬಚ್ಚಲಿನಲ್ಲಿ ಕೂಸಿಗೆ ಎರೆಯುವ ಅಜ್ಜಿ ಕಾಲು ಚಾಚಿ ಕೂತು, ಮಗುವನ್ನು ಮೊಣಕಾಲ ಮೇಲೆ ಬೋರಲು ಹಾಕಿಕೊಂಡು, ಕಡಲೆಹಿಟ್ಟು ಕಲಸಿಯೋ ಗೋಧಿಹಿಟ್ಟಿನ ಉಂಡೆ ಉರುಳಿಸಿಯೋ ಬೆನ್ನು, ಹಣೆ, ತೋಳುಗಳನ್ನು ತಿಕ್ಕುತ್ತಾಳೆ. ಗಂಡುಮಗುವಿಗೂ ತಿಕ್ಕುತ್ತಾರೆ, ಆದರೆ ಹೆಣ್ಣಾದರೆ ಕೈ ತುಸು ಬಿಗಿಯಾಗುತ್ತದೆ. ಕೂಸಿನ ಮೈಮೇಲಿನ ಆ ನವಿರು ಗರ್ಭದಲ್ಲಿ ಹುಟ್ಟಿದ್ದು; ಕೆಲವು ವಾರಗಳಲ್ಲಿ ತಾನಾಗಿ ಉದುರುತ್ತದೆ. ತಿಕ್ಕಿದ್ದರಿಂದ ಬೇರು ಸಾಯುವುದಿಲ್ಲ, ಎಳೆಯ ಚರ್ಮ ಕೆಂಪಾಗುತ್ತದೆ ಅಷ್ಟೆ. ಎಣ್ಣೆ ನೀವಿ ಎರೆಯುವುದರಲ್ಲಿ ಅಕ್ಕರೆಯಿದೆ, ಅದನ್ನು ತಳ್ಳಿಹಾಕಬೇಕಿಲ್ಲ. ಆದರೆ ಹೆಣ್ಣಿನ ಮೈ ನುಣುಪಾಗಿರಬೇಕು, ಅದನ್ನು ನುಣುಪಾಗಿಸುವುದು ಮನೆಯವರ ಕೆಲಸ ಎಂಬ ಭಾವನೆ ಬೇರೂರುವುದು ಅಲ್ಲಿಯೇ. ಹನ್ನೆರಡು ವರ್ಷದ ನಂತರ ಅದೇ ಮನೆ ಮಗಳಿಗೆ “ಈಗಲೇ ನಿನಗ್ಯಾಕೆ ಅದೆಲ್ಲ” ಎಂದಾಗ ಹುಡುಗಿಗೆ ಗೊಂದಲವಾಗುವುದು ಸಹಜ.

ಯಾವ ಕೂದಲಿನ ಬಗ್ಗೆ ಮಾತು ನಡೆಯುತ್ತಿದೆ ಎಂಬುದು ಮೊದಲು ಸ್ಪಷ್ಟವಾಗಬೇಕು. ಶಾಲೆಯ ಹುಡುಗಿಯರನ್ನು ಹೆಚ್ಚು ಕಾಡುವುದು ಮೊಣಕೈ ಕೆಳಗಿನ ಮತ್ತು ಮೊಣಕಾಲ ಕೆಳಗಿನ ಕೂದಲು. ಅರ್ಧತೋಳಿನ ಅಂಗಿ, ಸ್ಕರ್ಟಿನ ಸಮವಸ್ತ್ರದಲ್ಲಿ ಇವೆರಡೂ ಎಲ್ಲರಿಗೂ ಕಾಣಿಸುತ್ತವೆ. ಬೆಂಚಿನ ಮೇಲೆ ಪಕ್ಕದವಳ ಕೈ ಪಕ್ಕ ತನ್ನ ಕೈ ಇಟ್ಟಾಗ ಹೋಲಿಕೆ ತಾನಾಗಿ ಆಗುತ್ತದೆ, “ಕರಡಿ” ಎಂಬ ಅಡ್ಡಹೆಸರು ಹುಟ್ಟುವುದು ಆಗಲೇ. ಹೆಣ್ಣಿನ ಮೈಮೇಲೆ ಕೂದಲು ಅತಿಯಾಗಿದೆಯೇ ಎಂದು ಅಳೆಯಲು ಫೆರಿಮನ್ ಮತ್ತು ಗ್ಯಾಲ್ವೇ ಎಂಬಿಬ್ಬರು 1961ರಲ್ಲಿ ಒಂದು ಕ್ರಮ ರೂಪಿಸಿದರು. ವೈದ್ಯರು ಇಂದಿಗೂ ಅದನ್ನೇ ತುಸು ತಿದ್ದಿ ಬಳಸುತ್ತಾರೆ. ಮೇಲ್ದುಟಿ, ಗದ್ದ, ಎದೆ, ಹೊಟ್ಟೆಯ ಮೇಲ್ಭಾಗ, ಕೆಳಭಾಗ, ಬೆನ್ನಿನ ಮೇಲ್ಭಾಗ, ಸೊಂಟದ ಹಿಂಭಾಗ, ತೋಳು, ತೊಡೆ ಎಂಬ ಒಂಬತ್ತು ಜಾಗಗಳಿಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಟ್ಟು ಕೂಡುತ್ತಾರೆ. ಮುಂಗೈ ಮತ್ತು ಮೊಣಕಾಲ ಕೆಳಭಾಗ ಆ ಲೆಕ್ಕದಲ್ಲಿ ಇಲ್ಲ. ಮೊದಲ ಪಟ್ಟಿಯಲ್ಲಿದ್ದವು, ಆದರೆ ಅಲ್ಲಿನ ಕೂದಲು ಹಾರ್ಮೋನಿನ ಏರುಪೇರನ್ನು ಅಷ್ಟಾಗಿ ಸೂಚಿಸುವುದಿಲ್ಲವೆಂದು ಹೊರಗಿಟ್ಟರು. ಹುಡುಗಿಯೊಬ್ಬಳು ಯಾವ ಕೂದಲಿಗಾಗಿ ಬೇಸಿಗೆಯಲ್ಲೂ ಪೂರ್ತಿತೋಳಿನ ಸ್ವೆಟರ್ ತೊಟ್ಟು ಶಾಲೆಗೆ ಹೋಗುತ್ತಾಳೋ, ವೈದ್ಯಕೀಯ ಅದನ್ನು ದೋಷವೆಂದು ಎಣಿಸುವುದೇ ಇಲ್ಲ. ಈ ಒಂದು ಸಂಗತಿ ತಾಯಂದಿರಿಗೆ ಗೊತ್ತಿದ್ದರೆ ಎಷ್ಟೋ ಮನೆಗಳ ಮಾತಿನ ಧಾಟಿ ಬದಲಾಗುತ್ತಿತ್ತು.

ಗದ್ದದಲ್ಲಿ, ಎದೆಯ ನಡುವೆ, ಹೊಕ್ಕುಳ ಕೆಳಗೆ ಒರಟು ಕೂದಲು ಹೆಚ್ಚುತ್ತಾ ಬಂದು, ಜೊತೆಗೆ ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿದ್ದರೆ, ಮೊಡವೆ ಹತೋಟಿಗೆ ಬರದಿದ್ದರೆ, ಅದು ಪಾರ್ಲರಿನ ಪ್ರಶ್ನೆಯಲ್ಲ, ವೈದ್ಯರ ಪ್ರಶ್ನೆ. ಇಂಥ ಲಕ್ಷಣಗಳ ಹಿಂದಿರಬಹುದಾದ, ಅಂಡಾಶಯಕ್ಕೆ ಸಂಬಂಧಿಸಿದ ಪಿಸಿಒಡಿ ಎಂಬ ಕಾಯಿಲೆಯ ಹೆಸರು ಈಗ ಎಲ್ಲರ ಬಾಯಲ್ಲಿದೆ. ಮೈನೆರೆದ ಮೊದಲ ಕೆಲವು ವರ್ಷ ಅಂಡಾಶಯದ ಸ್ಕ್ಯಾನ್ ನೋಡಿ ಈ ಕಾಯಿಲೆಯೆಂದು ಹೇಳಬಾರದು ಎಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿಯ ನಿಲುವು, ಏಕೆಂದರೆ ಆ ವಯಸ್ಸಿನ ಆರೋಗ್ಯವಂತ ಅಂಡಾಶಯವೂ ಹಾಗೆಯೇ ಕಾಣಬಹುದು. ಇನ್ನೊಂದು ಕಾರಣ ಮನೆಯ ಕಪಾಟಿನಲ್ಲೇ ಇರುತ್ತದೆ. ಮುಖ ಬೆಳ್ಳಗಾಗಲೆಂದು ಅಂಗಡಿಯಿಂದ ತಂದು ಹಚ್ಚುವ ಕೆಲವು ಟ್ಯೂಬುಗಳಲ್ಲಿ ಸ್ಟಿರಾಯ್ಡ್ ಇದ್ದು, ತಿಂಗಳುಗಟ್ಟಲೆ ಹಚ್ಚಿದರೆ ಮುಖದ ಮೇಲೆ ಕೂದಲು ಹುಟ್ಟುತ್ತದೆ, ಚರ್ಮ ತೆಳುವಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ತಂದಿತು. ಬಣ್ಣದ ಕೊರಗನ್ನು ನೀಗಲು ಹೋಗಿ ಕೂದಲಿನ ಕೊರಗನ್ನು ತಂದುಕೊಂಡ ಹುಡುಗಿಗೆ ಮತ್ತೆ ಅದೇ ಮನೆಯಿಂದ ಮಾತು ಕೇಳಬೇಕಾಗುವುದು ನೋವಿನ ಸಂಗತಿ.

ಮನೆಯ ತೀರ್ಮಾನ ಸಾಮಾನ್ಯವಾಗಿ ಎರಡು ಬಗೆಯದು. ಒಂದು, ಬೇಡವೆನ್ನುವುದು. ಇನ್ನೊಂದು, ಮಾಡಿಸಿಕೋ ಎಂದು ದೂಡುವುದು. ಬೇಡವೆನ್ನುವ ಮನೆಯ ಮೊದಲ ಕಾರಣ, “ಒಂದ್ ಸಲ ತೆಗೆದ್ರೆ ದಟ್ಟವಾಗಿ, ಬಿರುಸಾಗಿ ಬರುತ್ತೆ.” ಇದು ಸುಳ್ಳು. ಅಮೆರಿಕದ ಅಂಗರಚನಾಶಾಸ್ತ್ರಜ್ಞೆ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ಪರೀಕ್ಷಿಸಿ, ಬ್ಲೇಡು ತಾಗಿಸಿದ್ದರಿಂದ ಕೂದಲಿನ ದಪ್ಪವಾಗಲಿ ಬೆಳೆಯುವ ವೇಗವಾಗಲಿ ಬದಲಾಗುವುದಿಲ್ಲವೆಂದು ತೋರಿಸಿದರು. 1970ರಲ್ಲಿ ನಡೆದ ಇನ್ನೊಂದು ಪರೀಕ್ಷೆಯ ಫಲವೂ ಅದೇ. ಕತ್ತರಿಸದ ಕೂದಲಿನ ತುದಿ ಮೊನಚು. ಕತ್ತರಿಸಿದ್ದರ ತುದಿ ಮೊಂಡು, ಅದಕ್ಕೇ ಕೈಗೆ ಚುಚ್ಚುತ್ತದೆ. ಆದರೂ ಈ ನಂಬಿಕೆ ಗಟ್ಟಿಯಾಗಿ ಉಳಿಯಲು ಕಾರಣವಿದೆ. ಹದಿಮೂರರಲ್ಲಿ ಶುರುಮಾಡಿದ ಹುಡುಗಿಗೆ ಹದಿನೈದರಲ್ಲಿ ಕೂದಲು ನಿಜಕ್ಕೂ ಹೆಚ್ಚಿರುತ್ತದೆ. ಹೆಚ್ಚಿಸಿದ್ದು ವಯಸ್ಸು, ಬ್ಲೇಡಲ್ಲ. ತಾಯಿ ಕಣ್ಣಾರೆ ಕಂಡದ್ದು ನಿಜ, ಕೊಟ್ಟ ಕಾರಣ ತಪ್ಪು.

ಎರಡನೆಯ ಕಾರಣವನ್ನು ಮಾತಿನಲ್ಲಿ ಹೇಳುವುದು ಕಡಿಮೆ, ಹೇಳಿದಾಗ ಅದು ಪ್ರಶ್ನೆಯ ರೂಪದಲ್ಲಿ ಬರುತ್ತದೆ: “ಯಾರಿಗೆ ತೋರಿಸೋಕೆ?” ಇಡೀ ವಿಷಯದಲ್ಲಿ ಅತಿ ಹೆಚ್ಚು ಗಾಯ ಮಾಡುವ ಮಾತಿದು. ಹುಡುಗಿ ಕೇಳಿದ್ದು ತರಗತಿಯ ಗೇಲಿಯಿಂದ ಪಾರಾಗುವ ದಾರಿ. ತಾಯಿ ಕೇಳಿಸಿಕೊಂಡದ್ದು ಮಗಳು ಕೈತಪ್ಪುತ್ತಿದ್ದಾಳೆಂಬ ಸೂಚನೆ. ನುಣುಪಾದ ಕಾಲನ್ನು ಮದುವೆಯೊಂದಿಗೆ, ಗಂಡಸಿನ ಕಣ್ಣಿನೊಂದಿಗೆ ಜೋಡಿಸಿ ನೋಡಿದ ತಲೆಮಾರಿಗೆ ಹಾಗೆ ಕೇಳಿಸುವುದು ಅಚ್ಚರಿಯಲ್ಲ. ಆದರೆ ಹನ್ನೆರಡರ ಮಗುವಿನ ಅಳಲಿಗೆ ದೊಡ್ಡವರ ಅನುಮಾನ ಉತ್ತರವಾದರೆ, ಆ ಹುಡುಗಿ ಮುಂದೆ ಮುಟ್ಟಿನ ನೋವಿನ ಬಗ್ಗೆಯಾಗಲಿ, ಬಸ್ಸಿನಲ್ಲಿ ಯಾರೋ ಕೈ ತಾಗಿಸಿದ್ದರ ಬಗ್ಗೆಯಾಗಲಿ ತಾಯಿಯ ಹತ್ತಿರ ಬಾಯಿ ಬಿಡುವುದು ಕಷ್ಟ.

ಬೇಡವೆಂದ ಮಾತ್ರಕ್ಕೆ ಕೂದಲು ತೆಗೆಯುವುದೂ ನಿಲ್ಲುವುದಿಲ್ಲ. ಅದು ಬಚ್ಚಲುಮನೆಯ ಚಿಲಕದ ಹಿಂದೆ ಹೋಗುತ್ತದೆ. ಅಪ್ಪ ಬಳಸಿ ಇಟ್ಟ ರೇಜರನ್ನೇ ತೆಗೆದುಕೊಂಡು, ಸೋಪು ಸಹ ಹಚ್ಚದೆ, ಒಣಗಿದ ಕಾಲಿನ ಮೇಲೆ ಅವಸರದಲ್ಲಿ ಎಳೆದು, ಮೂಳೆಯ ಅಂಚಿನಲ್ಲಿ ಸಿಪ್ಪೆ ಎದ್ದು, ರಕ್ತ ಒರೆಸಿದ ಬಟ್ಟೆಯನ್ನು ಮುಚ್ಚಿಡುವ ಹುಡುಗಿಯರು ಎಲ್ಲ ಊರುಗಳಲ್ಲೂ ಇದ್ದಾರೆ. ಮೊಂಡು ಬ್ಲೇಡು ಚರ್ಮ ಕೆರೆಯುತ್ತದೆ, ಕೂದಲ ಬುಡದಲ್ಲಿ ಕೀವುಗುಳ್ಳೆ ಏಳುತ್ತವೆ. ಒಬ್ಬರ ರೇಜರನ್ನು ಇನ್ನೊಬ್ಬರು ಬಳಸಿದರೆ ಹೆಪಟೈಟಿಸ್ ಬಿ, ಸಿಯಂಥ ಸೋಂಕು ದಾಟುವ ಅಪಾಯವೂ ಇದೆ. ಸ್ವಂತದ್ದೊಂದು ಹೊಸ ರೇಜರ್, ನೆನೆದ ಚರ್ಮ, ಸೋಪಿನ ನೊರೆ, ಕೂದಲು ಒರಗಿದ ದಿಕ್ಕಿಗೇ ಹಗುರವಾಗಿ ಎಳೆಯುವುದು: ಹೇಳಿಕೊಡಬೇಕಾದ್ದು ಇಷ್ಟೇ. ಐದು ನಿಮಿಷದ ಆ ಪಾಠವನ್ನು ಕೊಡದ ನಿಷೇಧ ಯಾರನ್ನೂ ಕಾಪಾಡಿದಂತಾಗುವುದಿಲ್ಲ.

ದೂಡುವ ಮನೆಯ ಕಥೆ ಬೇರೆ. ಅಲ್ಲಿ ಹುಡುಗಿಗೆ ತನ್ನ ಮೇಲ್ದುಟಿಯ ಮೇಲೆ ಏನಿದೆಯೆಂಬುದು ಗೊತ್ತಾಗುವುದೇ ಚಿಕ್ಕಮ್ಮನ ಬಾಯಿಂದ. ಮದುವೆ ಮನೆಯಲ್ಲಿ ಗದ್ದ ಹಿಡಿದೆತ್ತಿ, “ಏನೇ ಇದು, ಅಪ್ಪನ ಹಾಗೆ ಮೀಸೆ!” ಎನ್ನುತ್ತಾರೆ, ಸುತ್ತಲಿನವರು ನಗುತ್ತಾರೆ, ಮಾರನೆಯ ವಾರ ತಾಯಿಯೇ ಪಾರ್ಲರಿಗೆ ಕರೆದೊಯ್ಯುತ್ತಾಳೆ. ಕುರ್ಚಿಯ ಮೇಲೆ ತಲೆ ಹಿಂದಕ್ಕೆ ಒರಗಿಸಿ, ಪೌಡರ್ ಹಚ್ಚಿ, ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡ ಹೆಂಗಸು “ನಾಲಿಗೆಯಿಂದ ಒಳಗಿಂದ ಒತ್ತಿ ಹಿಡ್ಕೊಮ್ಮಾ” ಎನ್ನುತ್ತಾಳೆ. ದಾರ ಸರಸರ ಓಡಿದಂತೆ ಕಣ್ಣಲ್ಲಿ ನೀರು ತಾನಾಗಿ ಇಳಿಯುತ್ತದೆ. ಹುಡುಗಿ ತಾನೇ ಬಯಸಿ ಬಂದಿದ್ದರೆ ಆ ನೋವು ಒಂದು ಬಗೆ, ನಗೆಗೆ ಹೆದರಿದ ತಾಯಿ ಕರೆತಂದಿದ್ದರೆ ಮತ್ತೊಂದು ಬಗೆ. ಎರಡನೆಯದರಲ್ಲಿ ಕೀಳುವುದು ಮಗಳ ಕೂದಲು, ನೀಗುವುದು ತಾಯಿಯ ಮುಜುಗರ.

ಈ ಎರಡು ಮನೆಗಳು ಬೇರೆ ಬೇರೆಯಾಗಿ ಕಂಡರೂ ಬಹಳ ಸಲ ಒಂದೇ ಮನೆ. ಹದಿಮೂರರಲ್ಲಿ ವ್ಯಾಕ್ಸಿಂಗ್ ಕೇಳಿದಾಗ ಗದರಿದ ತಾಯಿಯೇ ಹೆಣ್ಣು ನೋಡಲು ಬರುತ್ತಾರೆಂದಾಗ ಇಪ್ಪತ್ತೆರಡರ ಮಗಳನ್ನು ಪೂರ್ತಿ ಮೈಯ ವ್ಯಾಕ್ಸಿಂಗಿಗೆ ಕಳಿಸುತ್ತಾಳೆ. ಮಗಳು ಆಗ ಒಲ್ಲೆ ಎಂದರೂ ನಡೆಯುವುದಿಲ್ಲ. ಮೊದಲು ಬೇಕೆಂದಾಗ ಕೊಡಲಿಲ್ಲ, ಈಗ ಬೇಡವೆಂದಾಗ ಬಿಡಲಿಲ್ಲ. ಎರಡು ಸಂದರ್ಭದಲ್ಲೂ ಆ ಮೈ ಯಾರದೆಂಬ ಪ್ರಶ್ನೆಗೆ ಮನೆ ಕೊಟ್ಟ ಉತ್ತರ ಒಂದೇ. ಹೆಣ್ಣಿನ ಕೂದಲಿನ ಮೇಲೆ ಮನೆತನ ನಡೆಸಿದ ಅಧಿಕಾರಕ್ಕೆ ಈ ನಾಡಿನಲ್ಲಿ ದೀರ್ಘ ಚರಿತ್ರೆಯಿದೆ. ಬಾಲವಿಧವೆಯ ಬದುಕನ್ನು ಹೇಳುವ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿ ಓದಿದವರಿಗೆ ತಲೆ ಬೋಳಿಸುವ ಶಾಸ್ತ್ರದ ಕ್ರೌರ್ಯ ಗೊತ್ತು. ವ್ಯಾಕ್ಸಿಂಗನ್ನು ಅದರೊಂದಿಗೆ ಸಮವಾಗಿ ತೂಗುವುದು ಸರಿಯಲ್ಲ. ಆದರೆ ಹುಡುಗಿಯನ್ನು ಒಂದು ಮಾತು ಕೇಳದೆ ತೀರ್ಮಾನಿಸುವ ರೂಢಿ ಅಲ್ಲಿಂದ ಇಲ್ಲಿಗೂ ಹರಿದುಬಂದಿದೆ.

ಅದೇ ಮನೆಯಲ್ಲಿ ಅಣ್ಣನಿಗೋ ತಮ್ಮನಿಗೋ ಮೀಸೆ ಚಿಗುರಿದಾಗ ನಡೆಯುವುದನ್ನು ಗಮನಿಸಬೇಕು. “ಮೀಸೆ ಬಂತಲ್ಲೋ!” ಎಂದು ಮಾವ ಬೆನ್ನು ತಟ್ಟುತ್ತಾನೆ. ಅಪ್ಪ ತಾನೇ ರೇಜರ್ ಹಿಡಿಯುವುದನ್ನು ಕಲಿಸುತ್ತಾನೆ. ಬೋಳಿಸಲಿ, ಬಿಡಲಿ, ಅದು ಅವನಿಷ್ಟ. ಮಗಳ ವಿಷಯದಲ್ಲಿ ಅಪ್ಪ ಮಾತಿನಲ್ಲೇ ಇರುವುದಿಲ್ಲ. ಇದ್ದರೆ ದುಡ್ಡು ಕೊಡುವವನಾಗಿಯೋ ಸಿಡುಕುವವನಾಗಿಯೋ ಇರುತ್ತಾನೆ. ಗೌರವದಿಂದ ದೂರ ನಿಲ್ಲುವುದು ಒಳ್ಳೆಯದೇ, ಆದರೆ ಮಗಳನ್ನು ಯಾರಾದರೂ ಆಡಿಕೊಂಡಾಗ “ಹಾಗೆಲ್ಲ ಅನ್ನಬೇಡಿ” ಎನ್ನುವ ಒಂದು ಮಾತು ಅವನಿಂದ ಬಂದರೆ ಅದರ ತೂಕ ದೊಡ್ಡದು.

ಧರ್ಮ ಸ್ಪಷ್ಟವಾಗಿ ಮಾತಾಡುವ ಮನೆಗಳಲ್ಲಿ ಚಿತ್ರ ಬೇರೆ. ಮುಸ್ಲಿಂ ಕುಟುಂಬಗಳಲ್ಲಿ ಕಂಕುಳು ಮತ್ತು ಗುಹ್ಯಭಾಗದ ಕೂದಲು ತೆಗೆಯುವುದು ಫಿತ್ರಾ ಎನ್ನುವ ಶುಚಿತ್ವದ ಭಾಗ, ನಲವತ್ತು ದಿನ ಮೀರಬಾರದೆಂಬ ಗಡುವೂ ಇದೆ. ಅದರಿಂದಾಗಿ ಮೈನೆರೆದ ಮಗಳಿಗೆ ತಾಯಿಯೋ ಅಕ್ಕನೋ ಇದನ್ನು ನಾಚಿಕೆಯಿಲ್ಲದೆ ಹೇಳಿಕೊಡುವ ಅವಕಾಶವಿದೆ. ಹೇಗೆ ಎಂಬ ತಿಳಿವಳಿಕೆ ಕದ್ದು ಸಿಗಬೇಕಿಲ್ಲ. ಅದೇ ಪರಂಪರೆಯಲ್ಲಿ ಹುಬ್ಬು ಕೀಳುವುದು ಸಲ್ಲದೆನ್ನುವವರು ಬಹಳ, ಹಾಗಾಗಿ ಹುಡುಗಿಯ ಇಷ್ಟಕ್ಕೂ ಮನೆಯ ಮಾತಿಗೂ ಘರ್ಷಣೆಯಾಗುವುದು ಅಲ್ಲಿ. ಬೀದರಿನ ಗುರುನಾನಕ್ ಝೀರಾದ ಸುತ್ತ ನೆಲೆಸಿರುವ ಸಿಖ್ ಮನೆಗಳಲ್ಲಿ ಕೇಶ ದೇವರ ಕೊಡುಗೆ, ಮೈಯ ಯಾವ ಕೂದಲನ್ನೂ ತೆಗೆಯದಿರುವುದು ನಿಷ್ಠೆ. ಅಲ್ಲಿ ಕೂದಲು ಬಿಟ್ಟ ಹುಡುಗಿಯ ಬೆನ್ನಿಗೆ ಒಂದು ಸಮುದಾಯವೇ ಇರುತ್ತದೆ. ಇಷ್ಟಪಟ್ಟು ಕೂದಲು ಬಿಟ್ಟ ಉಳಿದ ಹುಡುಗಿಯರಿಗೆ ಸಿಗದೇ ಹೋಗುವುದು ಈ ಆಸರೆ.

ಆಸರೆಯೆಂದರೆ ಏನೆಂಬುದನ್ನು 2024ರ ಏಪ್ರಿಲ್‌ನ ಒಂದು ಘಟನೆ ತೋರಿಸಿತು. ಉತ್ತರ ಪ್ರದೇಶದ ಹತ್ತನೇ ತರಗತಿ ಪರೀಕ್ಷೆಯಲ್ಲಿ 600ಕ್ಕೆ 591 ಅಂಕ ಪಡೆದು ರಾಜ್ಯಕ್ಕೆ ಮೊದಲಿಗಳಾದ ಹುಡುಗಿಯ ಫೋಟೋ ಹರಿದಾಡಿದಾಗ, ಅವಳ ಮುಖದ ಕೂದಲನ್ನು ಹಿಡಿದು ಸಾವಿರಾರು ಮಂದಿ ಹೀಗಳೆದರು. ಒಂದು ರೇಜರ್ ಕಂಪನಿ ಅವಳ ಹೆಸರು ಹಿಡಿದು ಜಾಹೀರಾತು ಹಾಕಿಸಿ ಟೀಕೆಗೊಳಗಾಯಿತು. ಒಂದೆರಡು ಅಂಕ ಕಡಿಮೆ ಬಂದಿದ್ದರೆ ಜನರ ಕಣ್ಣಿಗೆ ಬೀಳುತ್ತಿರಲಿಲ್ಲವೇನೋ ಎಂದು ಆ ಹುಡುಗಿ ಹೇಳಬೇಕಾಗಿ ಬಂದದ್ದು ದೇಶವೇ ತಲೆತಗ್ಗಿಸಬೇಕಾದ ಮಾತು. ಆದರೆ ಅವಳು ಹೇಳಿದ ಇನ್ನೊಂದು ಮಾತೂ ಇತ್ತು: ಮನೆಯವರಾಗಲಿ ಶಿಕ್ಷಕರಾಗಲಿ ಗೆಳತಿಯರಾಗಲಿ ತನ್ನ ರೂಪದ ಬಗ್ಗೆ ಆಡಿಕೊಂಡವರಲ್ಲ, ತಾನೂ ಅದರ ಬಗ್ಗೆ ತಲೆಕೆಡಿಸಿಕೊಂಡಿರಲಿಲ್ಲ ಎಂದು. ಹೊರಗಿನ ಅಷ್ಟು ದೊಡ್ಡ ಬಿರುಗಾಳಿಯ ನಡುವೆ ಅವಳು ನೆಟ್ಟಗೆ ನಿಂತು ಉತ್ತರಿಸಿದ್ದರಲ್ಲಿ ಆ ಮನೆಯ ಪಾಲಿದೆ.

ವಿದೇಶದಲ್ಲಿರುವ ಕನ್ನಡ ಮನೆಗಳಲ್ಲಿ ಪ್ರಶ್ನೆ ಇನ್ನೂ ಬೇಗ ಬರುತ್ತದೆ. ಆಟದ ಪೀರಿಯಡ್ಡಿಗೆ ಚಡ್ಡಿ ತೊಡಬೇಕು, ಈಜು ಕಲಿಯಬೇಕು, ಬಟ್ಟೆ ಬದಲಿಸುವುದು ಎಲ್ಲರೆದುರಿಗೆ. ದಾವಣಗೆರೆಯಲ್ಲಿ ಬೆಳೆದ ತಾಯಿ ತನ್ನ ಕಾಲವನ್ನು ಅಳತೆಗೋಲಾಗಿ ಹಿಡಿದರೆ ಅಲ್ಲಿ ಅದು ಹೊಂದುವುದೇ ಇಲ್ಲ.

ಹುಡುಗಿ ತಾನೇ ಬಯಸಿದಾಗ ಯಾವ ವಿಧಾನ ಎಂಬುದು ಮುಂದಿನ ಮಾತು. ರೇಜರಿನ ಬಗ್ಗೆ ಹೇಳಿದ್ದಾಯಿತು. ನೋವಿಲ್ಲದ್ದು, ಅಗ್ಗದ್ದು, ತನ್ನ ಕೈಯಲ್ಲೇ ಇರುವುದು, ಹಾಗಾಗಿ ಮೊದಲ ಸಲಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಕ್ರೀಮುಗಳಲ್ಲಿರುವ ಥಯೋಗ್ಲೈಕೊಲೇಟ್ ಕೂದಲಿನ ಕೆರಟಿನ್ ಬಂಧಗಳನ್ನು ಕರಗಿಸುತ್ತದೆ. ಚರ್ಮದಲ್ಲೂ ಕೆರಟಿನ್ ಇರುವುದರಿಂದ ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ಸುಡುತ್ತದೆ. ಹಿಂದಿನ ದಿನ ಒಂದು ಚೂರು ಜಾಗಕ್ಕೆ ಹಚ್ಚಿ ನೋಡಲೇಬೇಕು. ವ್ಯಾಕ್ಸಿಂಗ್ ಬೇರುಸಹಿತ ಕೀಳುತ್ತದೆ, ಮೂರು ನಾಲ್ಕು ವಾರ ತಡೆಯುತ್ತದೆ, ನೋವು ಹೆಚ್ಚು, ಮರಳಿ ಬರುವ ಕೂದಲು ಕೆಲವೊಮ್ಮೆ ಚರ್ಮದೊಳಗೇ ಸುರುಳಿಯಾಗಿ ಗುಳ್ಳೆ ಕಟ್ಟುತ್ತದೆ, ಗೋಧಿಬಣ್ಣದ ಮೈಯಲ್ಲಿ ಆ ಗುಳ್ಳೆ ಕಪ್ಪು ಕಲೆಯಾಗಿ ಉಳಿಯುತ್ತದೆ. ಮೊಡವೆಗೆ ಐಸೋಟ್ರೆಟಿನಾಯಿನ್ ಗುಳಿಗೆ ನುಂಗುತ್ತಿರುವ ಹುಡುಗಿಗೆ ವ್ಯಾಕ್ಸಿಂಗ್ ಕೂಡದು, ಚರ್ಮವೇ ಕಿತ್ತುಬರುತ್ತದೆ. ಇದನ್ನು ಪಾರ್ಲರಿನಲ್ಲಿ ಕೇಳುವವರು ವಿರಳ, ಆದ್ದರಿಂದ ಮನೆಯವರಿಗೆ ಗೊತ್ತಿರಬೇಕು. ಗುಹ್ಯಭಾಗದ ಕೂದಲನ್ನು ತೆಗೆಯದಿದ್ದರೆ ಕೊಳಕು ಎಂಬುದಕ್ಕೆ ವೈದ್ಯಕೀಯ ಆಧಾರವಿಲ್ಲ. ತಿಕ್ಕಾಟದಿಂದ ಚರ್ಮವನ್ನು ಕಾಯುವ ಕೆಲಸವನ್ನು ಅದು ಮಾಡುತ್ತದೆ.

ಲೇಸರಿಗೆ ಹದಿಹರೆಯದವರನ್ನು ಕರೆದೊಯ್ಯುವ ಮನೆಗಳು ಪಟ್ಟಣಗಳಲ್ಲಿ ಹೆಚ್ಚುತ್ತಿವೆ. ಲೇಸರ್ ಬೆಳಕನ್ನು ಹೀರುವುದು ಕೂದಲಿನ ಕಪ್ಪು ಬಣ್ಣ. ಚರ್ಮವೂ ಕಪ್ಪಾಗಿದ್ದರೆ ಅದೂ ಹೀರಿ ಸುಡುತ್ತದೆ, ಅದಕ್ಕೇ ನಮ್ಮ ಬಣ್ಣಕ್ಕೆ ಹೊಂದುವ ಯಂತ್ರ ಮತ್ತು ಪಳಗಿದ ಚರ್ಮವೈದ್ಯರು ಬೇಕು. ಕೆನ್ನೆ, ಗದ್ದದ ನವಿರು ರೋಮದ ಮೇಲೆ ಲೇಸರ್ ಹಾಯಿಸಿದಾಗ ಕೆಲವರಲ್ಲಿ ಕೂದಲು ಕಡಿಮೆಯಾಗುವ ಬದಲು ಹೆಚ್ಚುವುದೂ ಉಂಟು. ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳಲ್ಲಿ ಈ ಅಪಾಯ ಗಮನಿಸಬೇಕಾದಷ್ಟಿದೆ. ಹದಿನಾಲ್ಕರಲ್ಲಿ ಹಾರ್ಮೋನು ಇನ್ನೂ ಏರುತ್ತಿರುವಾಗ ಇಂದು ಸುಟ್ಟ ಬೇರಿನ ಪಕ್ಕ ನಾಳೆ ಹೊಸದು ಚಿಗುರುತ್ತದೆ. ರೋಗದ ಕಾರಣವಿಲ್ಲದೆ ಆ ವಯಸ್ಸಿನಲ್ಲಿ ಸಾವಿರಾರು ರೂಪಾಯಿ ಸುರಿಯುವುದು ಆತುರದ ಕೆಲಸ.

ಇದೆಲ್ಲವನ್ನು ಸರಿಯಾಗಿ ನಡೆಸುವ ಮನೆಗಳೂ ಇವೆ, ಅವು ಬಹಳ ಸಾಮಾನ್ಯ ಮನೆಗಳು. ಶನಿವಾರ ಸಂಜೆ ಒಲೆಯ ಮೇಲೆ ಸಕ್ಕರೆ, ನಿಂಬೆರಸ, ಚೂರು ನೀರು ಸಣ್ಣ ಉರಿಯಲ್ಲಿ ಕುದಿಯುತ್ತಿರುತ್ತದೆ. ಜೇನಿನ ಬಣ್ಣಕ್ಕೆ ತಿರುಗಿದಾಗ ತಣ್ಣೀರಿಗೆ ಒಂದು ಹನಿ ಬಿಟ್ಟರೆ ಮೆತ್ತನೆಯ ಉಂಡೆ ಕಟ್ಟಬೇಕು. ಕೊಬ್ಬರಿ ಮಿಠಾಯಿ ಮಾಡಿದ ಕೈಗೆ ಆ ಪಾಕದ ಹದ ಗೊತ್ತು. ಸಕ್ಕರೆ ಪಾಕ ಕುದಿನೀರಿಗಿಂತ ಬಿಸಿ, ಹಾಗಾಗಿ ಚೆನ್ನಾಗಿ ಆರಿಸಿ, ತಾಯಿ ಮೊದಲು ತನ್ನ ಮಣಿಕಟ್ಟಿನ ಒಳಗೆ ಸವರಿ ನೋಡಿಕೊಳ್ಳುತ್ತಾಳೆ. ಹಳೆ ಜೀನ್ಸ್ ಪ್ಯಾಂಟನ್ನು ಅಂಗೈ ಅಗಲದ ಪಟ್ಟಿಗಳಾಗಿ ಕತ್ತರಿಸಿಟ್ಟಿರುತ್ತದೆ. ಕೂದಲು ಒರಗಿದ ಕಡೆಗೆ ಬಳಿದು, ಬಟ್ಟೆ ಒತ್ತಿ, ಚರ್ಮ ಬಿಗಿಹಿಡಿದು ಎದುರು ದಿಕ್ಕಿಗೆ ಒಮ್ಮೆಲೇ ಎಳೆಯುತ್ತಾಳೆ. ಮೊದಲ ಪಟ್ಟಿಗೇ ಮಗಳು “ಅಮ್ಮಾ, ಸಾಕು” ಎಂದರೆ ಅಲ್ಲಿಗೆ ನಿಲ್ಲುತ್ತದೆ. ಅರ್ಧ ಕೈ ಹಾಗೇ ಉಳಿದರೂ ಚಿಂತೆಯಿಲ್ಲ, ತಣ್ಣೀರಲ್ಲಿ ತೊಳೆದರೆ ಪಾಕ ಹೋಗುತ್ತದೆ. ಆ ಹೊತ್ತಿನಲ್ಲಿ ತಾಯಿ ತನ್ನ ಹೈಸ್ಕೂಲಿನ ದಿನ ಹೇಳುತ್ತಾಳೆ, ಮಗಳು ಯಾರು ಏನೆಂದರೆಂದು ಹೇಳುತ್ತಾಳೆ. ಬುದ್ಧಿಬೆಳವಣಿಗೆ ನಿಧಾನವಿರುವ ಮಗಳಿರುವ ಮನೆಯಲ್ಲೂ ಇದೇ ಕ್ರಮ ಸಲ್ಲುತ್ತದೆ: ಮಾತಿನಲ್ಲಿ ಹೇಳಲಾರದವಳು ಕೈ ಹಿಂದೆಳೆದುಕೊಂಡರೆ ಅದೇ ಅವಳ ಉತ್ತರ.

ರೇಜರ್, ಕ್ರೀಮು, ಪಾಕ, ದಾರ ಯಾವುದೂ ಬೇರನ್ನು ಕೊಲ್ಲುವುದಿಲ್ಲ. ಎಂಟನೇ ತರಗತಿಯಲ್ಲಿ ಶುರುಮಾಡಿದವಳು ಪಿಯುಸಿಗೆ ಬಂದು ಬೇಡವೆನಿಸಿ ಬಿಟ್ಟರೆ, ಮುಂಗೈಯ ಕೂದಲು ಕೆಲವು ತಿಂಗಳಲ್ಲಿ ತನ್ನ ಮೊದಲಿನ ಉದ್ದಕ್ಕೆ ಬೆಳೆದು ನಿಲ್ಲುತ್ತದೆ, ತುದಿಯೂ ಸವೆದು ಮೆತ್ತಗಾಗುತ್ತದೆ. ಇಲ್ಲಿ ಹೇಳಿದ ವಿಧಾನಗಳಲ್ಲಿ ಹೀಗೆ ಹಿಂದಕ್ಕೆ ಬರುವುದು ಕಷ್ಟವಾದದ್ದು ಲೇಸರ್ ಒಂದೇ. ಆ ತೀರ್ಮಾನ ಹದಿನೆಂಟು ದಾಟಿದ ಮಗಳು ತಾನೇ ವೈದ್ಯರ ಎದುರು ಕೂತು ಕೇಳಿ ಮಾಡಬೇಕಾದದ್ದು.